ಕಾಫಿ ಪುಡಿಯಲ್ಲಿ ರೋಲ್ ತೊಳೆದೆ, ನೆಗೆಟಿವ್ ಗಟ್ಟಿಯಾಗಿ ಬಂತು

ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಈ ಮೂರರಲ್ಲಿ ಕಪ್ಪು-ಬಿಳುಪು ಫಿಲ್ಮ್ ರೋಲ್ ತೊಳೆಯಬಹುದು, ಅಂದರೆ ಡೆವಲಪ್ ಮಾಡಬಹುದು ಅಂತ ನಾನು ಹೇಳಿದಾಗ ನಮ್ಮ ಭಾನುವಾರದ ಫೋಟೋ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. 'ಚಿತ್ರ ಬರುತ್ತೆ ಗುರು, ಆದರೆ ಆಟ ಆಡೋಕ್ಕೆ ಮಾತ್ರ ಸರಿ. ಒಳ್ಳೆ ರೋಲ್ ಹಾಕಬೇಡ' ಅಂದರು. ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಊಟದ ಮೇಜಿನಲ್ಲಿ ಇನ್ನೂ ಜೋರು. 'ಸಾರ್, ಕಾಫಿ ಇರೋದು ಕುಡಿಯೋಕ್ಕೆ' ಅಂತ ಸ್ಟೋರ್ಸ್‌ನ ಹುಡುಗ ದಿನಾ ಹೇಳುತ್ತಿದ್ದ. ಈಗ ಎರಡು ವರ್ಷದ ಮೇಲಾಯಿತು, ನನ್ನ ಒಂದು ರೋಲೂ ಹೊರಗಿನ ಲ್ಯಾಬಿಗೆ ಹೋಗಿಲ್ಲ. ಕಳೆದ ಆಯುಧಪೂಜೆಯಲ್ಲಿ ತೆಗೆದ ಚಿತ್ರಗಳು ಅದೇ ಕಾರ್ಖಾನೆಯ ಕ್ಯಾಂಟೀನ್ ಗೋಡೆ ಮೇಲೆ 12×18 ಸೈಜಿನಲ್ಲಿವೆ. ಒಂದೂ ಮಸುಕಿಲ್ಲ.

ಬೆಳಕು ಹೋಗದ ಟ್ಯಾಂಕಿನ ರೀಲಿಗೆ ಫಿಲ್ಮ್ ಸುತ್ತೋದು, ಆ ಕೆಲಸಕ್ಕೆ ಕತ್ತಲೆಕೋಣೆಯ ಬದಲು ಬಳಸುವ ಚೇಂಜಿಂಗ್ ಬ್ಯಾಗ್, ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್, ಇದೆಲ್ಲ ನಿಮಗೆ ಗೊತ್ತಿರುತ್ತೆ. ಅದನ್ನು ಬಿಡುತ್ತೇನೆ. ಎಲ್ಲಿ ಕೆಟ್ಟಿತು, ಏನು ಮಾಡಿದ ಮೇಲೆ ಸರಿಹೋಯಿತು, ಎಷ್ಟು ದುಡ್ಡು ಹೋಯಿತು, ಅಷ್ಟು ಬರೆಯುತ್ತೇನೆ.

ಮೊದಲು ದುಡ್ಡು. ನಾನು ಅಕೌಂಟ್ಸ್ ಸೆಕ್ಷನ್ನಿನವನು, ಲೆಕ್ಕ ಹಾಕದೆ ನಿದ್ದೆ ಬರಲ್ಲ. ನನ್ನದು ಹಳೆ ಪೆಂಟ್ಯಾಕ್ಸ್ ಕೆ1000, ಜೊತೆಗೆ 50 ಎಂ.ಎಂ. ಎಫ್/2 ಲೆನ್ಸ್. ಸೆಕೆಂಡ್ ಹ್ಯಾಂಡ್, ಎಂಟು ಸಾವಿರದ ಆಸುಪಾಸು ಕೊಟ್ಟಿದ್ದೆ. ಕ್ಯಾಮೆರಾ ಒಂದು ಸಲದ ಖರ್ಚು, ತಿನ್ನೋದು ರೋಲು. ಕೆಂಟ್‌ಮೀರ್ 400 ಅನ್ನುವ ಫಿಲ್ಮು ಆರೂವರೆ-ಏಳು ನೂರು. ಎಚ್‌ಪಿ5 ಸಾವಿರದ ಹತ್ತಿರ. ಅದರ ಮೇಲೆ ಲ್ಯಾಬಿನಲ್ಲಿ ತೊಳೆದು ಸ್ಕ್ಯಾನ್ ಮಾಡೋಕ್ಕೆ ನಾಲ್ಕೈದು ನೂರು, ಕೊರಿಯರ್ ಬೇರೆ. 36 ಚಿತ್ರಕ್ಕೆ ಸಾವಿರದ ಇನ್ನೂರು. ತಿಂಗಳಿಗೆ ಎರಡು ರೋಲ್ ಅಂದರೆ ಮಗಳ ವ್ಯಾನ್ ಫೀಸು ಬಂತು.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಶೆಟ್ಟಿಹಳ್ಳಿ ರೋಲಿನಿಂದ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿರುವ ಆ ಚರ್ಚು ನಿಮಗೆ ಗೊತ್ತಲ್ವಾ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಚರ್ಚು ಮಾತ್ರ ಉಳಿಯಿತು. ಮಳೆ ಚೆನ್ನಾದ ವರ್ಷ ಕಮಾನುಗಳವರೆಗೂ ನೀರು. ಆಫೀಸಿನ ನಾಲ್ಕು ಜನ ಒಂದೇ ಕಾರಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಆರಕ್ಕೆ ಅಲ್ಲಿದ್ದೆವು. ಮಂಜು, ನೀರು, ಕಲ್ಲು, ಕಪ್ಪು-ಬಿಳುಪಿಗೇ ಅಂತ ಜೋಡಿಸಿಟ್ಟ ಹಾಗಿತ್ತು. ಲ್ಯಾಬಿಗೆ ಕೊಟ್ಟ ಆ ರೋಲ್ ವಾಪಸ್ ಬಂದಾಗ ಈ ತುದಿಯಿಂದ ಆ ತುದಿವರೆಗೆ ಎರಡು ಗೀರು. ಕೇಳಿದರೆ 'ನಿಮ್ಮ ಕ್ಯಾಮೆರಾದ್ದೇ ಇರಬೇಕು ಸಾರ್' ಅಂದರು. ಅದೇ ಕ್ಯಾಮೆರಾದ ಹಿಂದಿನ ರೋಲು, ಮುಂದಿನ ರೋಲು ಎರಡರಲ್ಲೂ ಗೀರಿಲ್ಲ. ಆ ಚರ್ಚಿನ ಗೋಡೆಗಳು ಈಚೆಗೆ ಕುಸಿಯುತ್ತಿವೆ. ನಾನು ಅವತ್ತು ತೆಗೆದ ಒಂದು ಕೋನ ಇನ್ನು ಯಾರಿಗೂ ಸಿಗಲ್ಲ. ಅವತ್ತೇ ತೀರ್ಮಾನ ಮಾಡಿದೆ, ನನ್ನ ರೋಲು ನಾನೇ ತೊಳೆಯೋದು.

ಚಿತ್ರ ಮೂಡಿಸುವ ರೆಡಿಮೇಡ್ ಡೆವಲಪರ್ ಪುಡಿ, ಡಿ-76, ತರಿಸಿ ತೊಳೆಯಬಹುದಿತ್ತು. ಆದರೆ ಅದು ಬೇಕಾದಾಗ ಸಿಗಲ್ಲ. ಸಿಕ್ಕಾಗ ಒಂದು ಲೀಟರಿಗೋ ನಾಲ್ಕು ಲೀಟರಿಗೋ ಕಲಸಿಟ್ಟು, ಕೆಡೋದರೊಳಗೆ ಮುಗಿಸಬೇಕು. ನನಗೆ ಬೇಕಾಗಿದ್ದು ಒಂದು ಸಲಕ್ಕೆ 300 ಎಂ.ಎಲ್. ಕಾಫಿ ಅಲ್ಲಿ ಸರಿಹೊಂದಿತು. ಅವತ್ತವತ್ತಿಗೆ ಕಲಸು, ತೊಳೆ, ಚೆಲ್ಲು.

ಇದು ನಾನು ಕಂಡುಹಿಡಿದಿದ್ದಲ್ಲ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಅನ್ನುವ ಮೇಷ್ಟರು ತಮ್ಮ ವಿದ್ಯಾರ್ಥಿಗಳ ಜೊತೆ ಮಾಡಿ ತೋರಿಸಿದ್ದು. ವಿಟಮಿನ್ ಸಿ ಆಮೇಲೆ ಸೇರಿಕೊಂಡಿತು. ಈಗ ಬಹಳ ಜನ ಬಳಸುವ ಅಳತೆ ಲೀಟರಿಗೆ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡೋದು ಕಾಫಿಯ ಕೆಫೀನ್ ಅಲ್ಲ, ಕೆಫೆಯಿಕ್ ಆಮ್ಲ.

ಈ ಅಳತೆಯನ್ನು ಹಾಗೇ ಎತ್ತಿಕೊಂಡು ಬೆಂಗಳೂರಿನಲ್ಲಿ ಮಾಡಿದರೆ ಆಗಲ್ಲ. ಆಗಲ್ಲ ಅಂತ ಬಿಟ್ಟವರು ಬಹಳ ಜನ. ನಮ್ಮ ಬಳಗದಲ್ಲೇ ಇಬ್ಬರು ಒಂದೊಂದು ರೋಲ್ ಕಳೆದುಕೊಂಡು ಕೈ ತೊಳೆದುಕೊಂಡಿದ್ದರು. ಅದಕ್ಕೇ ಅವರಿಗೆ ನಂಬಿಕೆ ಇರಲಿಲ್ಲ. ಅಳತೆ ಸರಿಯಾಗೇ ಇದೆ. ನಮ್ಮ ಸೋಡಾ ಬೇರೆ, ನಮ್ಮ ಕಾಫಿ ಬೇರೆ, ನೀರು ಬೇರೆ, ಸೆಕೆ ಬೇರೆ. ಇವು ನಾಲ್ಕನ್ನು ಒಂದೊಂದಾಗಿ ಹಿಡಿದೆ.

ಸೋಡಾದಿಂದ ಶುರು ಮಾಡುತ್ತೇನೆ, ಯಾಕೆಂದರೆ ಮುಕ್ಕಾಲು ಪಾಲು ರೋಲ್ ಕೆಡೋದು ಇಲ್ಲೇ. ಅಂಗಡಿಯಲ್ಲಿ ಸೋಡಾ ಅಂದರೆ ಅಡುಗೆ ಸೋಡಾ ಕೊಡುತ್ತಾರೆ, ಅದು ಆಗಲ್ಲ ಅಂತ ನಿಮಗೆ ಗೊತ್ತು. ವಾಷಿಂಗ್ ಸೋಡಾ ಅಂತ ಬಿಡಿಸಿ ಕೇಳಿದರೂ ಒಂದು ಅಂಗಡಿಯಲ್ಲಿ ಪುಡಿ, ಇನ್ನೊಂದರಲ್ಲಿ ಕಲ್ಲುಸಕ್ಕರೆಯಂಥ ಹರಳು. ಎರಡೂ ವಾಷಿಂಗ್ ಸೋಡಾನೇ. ಆದರೆ ಹರಳಿನ ತೂಕದಲ್ಲಿ ಅರವತ್ತಮೂರು ಪಾಲು ನೀರು! ನೂರು ಗ್ರಾಂ ಹರಳಿನಲ್ಲಿ ನಿಜವಾದ ಸೋಡಾ 37 ಗ್ರಾಂ ಅಷ್ಟೆ. 54 ಗ್ರಾಂ ತೂಗಿ ಹಾಕಿದರೆ ಹೋಗೋದು 20 ಗ್ರಾಂ. ಹೀಗಾಗಿ ಡೆವಲಪರ್ ಅರ್ಧಂಬರ್ಧ ಎಚ್ಚರವಾಗುತ್ತೆ. ನೆಗೆಟಿವ್ ಬೆಳಕಿಗೆ ಹಿಡಿದರೆ ಅಲ್ಲೊಂದು ಆಕಾಶ, ಇಲ್ಲೊಂದು ಬಿಳಿ ಅಂಗಿ, ಮಿಕ್ಕಿದ್ದೆಲ್ಲ ಖಾಲಿ.

ನಾನು ಮಾಡೋದು ಇಷ್ಟು. ಹರಳನ್ನು ಹಳೆ ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಲು ತನ್ನ ನೀರಿನಲ್ಲೇ ಕರಗಿ ಪಾಕ ಆಗುತ್ತೆ. ಆಮೇಲೆ ಕೊತಕೊತ ಕುದಿಯುತ್ತೆ, ಬದಿಗೆಲ್ಲ ಬಿಳಿ ಕೆನೆ ಕಟ್ಟುತ್ತೆ. ಕೈ ಬಿಡದೆ ಮಗುಚುತ್ತಾ ಇದ್ದರೆ ಗಂಟುಗಂಟಾಗಿ, ಕೊನೆಗೆ ರವೆಯ ಹಾಗೆ ಉದುರುದುರಾಗುತ್ತೆ. ಒಂದು ತಟ್ಟೆಯನ್ನು ಮೇಲೆ ಹಿಡಿದು ನೋಡಬೇಕು. ಹಬೆ ಕೂರದಿದ್ದರೆ ಆಯಿತು ಅಂತ. ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ ಗಟ್ಟಿ ಮುಚ್ಚಳ ಹಾಕಬೇಕು. ತೆರೆದಿಟ್ಟರೆ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತೆ, ತೂಕ ಮತ್ತೆ ಸುಳ್ಳು ಹೇಳುತ್ತೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತೆ. ಒಂದು ಕಿಲೋ ಹುರಿದರೆ ಮುನ್ನೂರ ಎಪ್ಪತ್ತು ಗ್ರಾಂ ಉಳಿಯುತ್ತೆ, 300 ಎಂ.ಎಲ್. ಲೆಕ್ಕದಲ್ಲಿ ಇಪ್ಪತ್ತು ರೋಲಿಗೆ ಸಾಕು. ನಮ್ಮ ಬಳಗದಲ್ಲಿ ಇದನ್ನು ಮಾಡಿದವನು ನಾನೊಬ್ಬನೇ. ಮೊದಲು ರೋಲ್ ಕಳೆದುಕೊಂಡ ಇಬ್ಬರಲ್ಲಿ ಒಬ್ಬ ಗೆಳೆಯ ಮನೆಗೆ ಬಂದು ಬಾಣಲೆ ಮುಂದೆ ನಿಂತು ನೋಡಿ, ಹೋಗುವಾಗ ಅರ್ಧ ಬಾಟಲಿ ತೆಗೆದುಕೊಂಡು ಹೋದ.

ಅಡುಗೆ ಸೋಡಾವನ್ನೇ ಹುರಿದು ವಾಷಿಂಗ್ ಸೋಡಾ ಮಾಡಬಹುದಾ ಅಂತಲೂ ನೋಡಿದೆ. ಆಗುತ್ತೆ. ಬಾಣಲೆ ಚೆನ್ನಾಗಿ ಕಾದಿರಬೇಕು, ಅರ್ಧ ಗಂಟೆ ಮೇಲೆ ಬೇಕು. ನೂರಕ್ಕೆ ಅರವತ್ತಮೂರು ಉಳಿದರೆ ಪೂರ್ತಿ ಬದಲಾಗಿದೆ ಅಂತ ಲೆಕ್ಕ. ಊರಿನ ಕಡೆ ಹೋದಾಗ ವಾಷಿಂಗ್ ಸೋಡಾ ಸಿಗದಿದ್ದರೆ ಇದು ಉಪಯೋಗಕ್ಕೆ ಬರುತ್ತೆ. ಗ್ಯಾಸ್ ಖರ್ಚು ಜಾಸ್ತಿ ಅನ್ನೋದು ಬಿಟ್ಟರೆ ತೊಂದರೆಯಿಲ್ಲ.

ಇನ್ನು ಕಾಫಿ. ವಿದೇಶದವರಿಗೆ ಇನ್‌ಸ್ಟಂಟ್ ಕಾಫಿ ಅಂದರೆ ಬರೀ ಕಾಫಿ. ನಮ್ಮಲ್ಲಿ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿ, ಕಾಫಿ ಇಷ್ಟು ಪಾಲು, ಚಿಕೋರಿ ಇಷ್ಟು ಪಾಲು ಅಂತ ಬರೆದಿರುತ್ತಾರೆ. ಮೂವತ್ತು ಪಾಲು ಚಿಕೋರಿ ಮಾಮೂಲಿ. ಅದಕ್ಕಿಂತ ಜಾಸ್ತಿ ಇರೋದೂ ಇದೆ. ಆಫೀಸಿನ ಪ್ಯಾಂಟ್ರಿಯಲ್ಲಿ ಸಿಗುವ ಪುಟ್ಟ ಸ್ಯಾಷೆಗಳನ್ನು ಸಹೋದ್ಯೋಗಿಗಳು ನನಗೋಸ್ಕರ ಕೂಡಿಡುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಅದರಲ್ಲಿ ಚಿಕೋರಿ ತುಂಬಾ. ಚಿತ್ರ ಬಂತು, ಆದರೆ ತೆಳು. ಅದೇ ದಿನ, ಅದೇ ಸೋಡಾ, ಅದೇ ನೀರಿನಲ್ಲಿ ಬರೀ ಕಾಫಿಯ ಪುಡಿ ಹಾಕಿದಾಗ ಎದ್ದು ಕಾಣುವಷ್ಟು ಗಟ್ಟಿ. ಅಲ್ಲಿಂದ ನೂರಕ್ಕೆ ನೂರು ಕಾಫಿ ಅಂತ ಬರೆದಿದ್ದನ್ನೇ ತರುತ್ತೇನೆ. ಅದರಲ್ಲೂ ಅಗ್ಗದ್ದು. ದುಬಾರಿ ಬಾಟಲಿಯಲ್ಲಿ ಅರೇಬಿಕಾ ಇರುತ್ತೆ, ಕುಡಿಯೋಕ್ಕೆ ಘಮಘಮ. ಫಿಲ್ಮಿಗೆ ಬೇಕಾದ ಆಮ್ಲ ಜಾಸ್ತಿ ಇರೋದು ರೋಬಸ್ಟಾದಲ್ಲಿ. 2024ರಲ್ಲಿ ರೋಬಸ್ಟಾ ಬೆಲೆ ಆಕಾಶಕ್ಕೆ ಹೋಯಿತಲ್ಲ, ಆಗ ನನ್ನ ಲೆಕ್ಕವೂ ಸ್ವಲ್ಪ ಏರಿತು. ಈಗ ಒಂದು ರೋಲಿಗೆ ಬೇಕಾದ 12 ಗ್ರಾಂ ಪುಡಿಗೆ ನಲವತ್ತೈದು-ಐವತ್ತು ರೂಪಾಯಿ.

ಸಕಲೇಶಪುರದ ಹತ್ತಿರ ಕಾಲೇಜಿನ ಗೆಳೆಯನ ತೋಟ ಇದೆ. ಹದಿನೈದು ಎಕರೆ, ಹೆಚ್ಚಿನದು ರೋಬಸ್ಟಾ. ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಅದನ್ನು ಹಿಡಿಯೋಕ್ಕೆ ಹೋಗಿದ್ದೆ. 'ಕಾಫಿ ಹೂವನ್ನು ಕಾಫಿಯಲ್ಲೇ ತೊಳೆದರೆ ಹೇಗೆ' ಅಂತ ಅವನಿಗೇ ಹೊಳೆದಿದ್ದು. ಮನೆಯಲ್ಲಿ ಹುರಿದು ಬೀಸಿದ ರೋಬಸ್ಟಾ ಪುಡಿ, ಚಿಕೋರಿ ಸೋಕಿಸಿಲ್ಲ. ಹಿತ್ತಾಳೆ ಫಿಲ್ಟರಿನಲ್ಲಿ ಮೊದಲನೇ ಡಿಕಾಕ್ಷನ್ ಇಳಿಸಿದೆವು. ಎಷ್ಟು ಹಾಕಬೇಕು ಅಂತ ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೆ ಫಿಲ್ಮಿನ ಮೂತಿಯನ್ನು, ಅಂದರೆ ಚಿತ್ರ ಬೀಳದ ಮೊದಲ ತುದಿಯನ್ನು, ಎರಡು ಇಂಚು ಕತ್ತರಿಸಿ ಹಗಲು ಬೆಳಕಿನಲ್ಲೇ ಲೋಟದಲ್ಲಿ ಅದ್ದಿ ನೋಡಿದೆ. ಒಳ್ಳೆ ಮಿಶ್ರಣದಲ್ಲಿ ಅದು ಎರಡು ಮೂರು ನಿಮಿಷಕ್ಕೆ ಕಪ್ಪಗಾಗಬೇಕು. ಡಿಕಾಕ್ಷನ್ ಅರ್ಧ, ನೀರು ಅರ್ಧ ಹಾಕಿದಾಗ ಏಳೆಂಟು ನಿಮಿಷ ಹಿಡಿಯಿತು. ನೀರೇ ಇಲ್ಲದೆ ಬರೀ ಡಿಕಾಕ್ಷನ್‌ಗೆ ಸೋಡಾ, ವಿಟಮಿನ್ ಸಿ ಕಲಸಿದಾಗ ನಾಲ್ಕಕ್ಕೆ ಬಂತು. ಆ ಲೆಕ್ಕದಲ್ಲಿ ಟ್ಯಾಂಕಿನಲ್ಲಿ ಇಪ್ಪತ್ತೆರಡು ನಿಮಿಷ ತೊಳೆದೆ. ಹೂವಿನ ಬಿಳುಪು, ಎಲೆಯ ಹೊಳಪು, ಸಿಲ್ವರ್ ಓಕ್ ಕಾಂಡದ ಗೆರೆ, ಎಲ್ಲ ಬಂದಿದೆ. ನೆಗೆಟಿವ್‌ಗೆ ಜೇನಿನ ಬಣ್ಣ ಹತ್ತಿಕೊಂಡಿತು, ಸ್ಕ್ಯಾನಿಗೆ ಅದು ಅಡ್ಡಿಯಿಲ್ಲ. ನಲವತ್ತು ವರ್ಷದಿಂದ ಕಾಫಿ ಬೆಳೆದ ಗೆಳೆಯನ ಅಪ್ಪ ಟ್ಯಾಂಕಿನ ಮುಚ್ಚಳ ತೆಗೆಯುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ರೋಲಿನ ಒಂದು ಪ್ರಿಂಟ್ ಅವರ ನಡುಮನೆಯಲ್ಲಿದೆ. ಪಟ್ಟಣದಲ್ಲಿ ಸಿಗುವ ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯಲ್ಲೂ ಆಮೇಲೆ ನೋಡಿದೆ, ಅಷ್ಟು ಗಟ್ಟಿ ಬರಲಿಲ್ಲ.

ವಿಟಮಿನ್ ಸಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಮೆಡಿಕಲ್ ಶಾಪಿನ ಕಿತ್ತಳೆ ಬಣ್ಣದ ಚೀಪುವ ಮಾತ್ರೆ ಬೇಡ, ಅದರಲ್ಲಿ ಸಕ್ಕರೆ, ಬಣ್ಣ, ವಾಸನೆ ಎಲ್ಲ ಇದೆ. ಸಿಟಿ ಮಾರ್ಕೆಟ್ ಕಡೆಯ ಕೆಮಿಕಲ್ ಅಂಗಡಿಗಳಲ್ಲಿ ಆಸ್ಕಾರ್ಬಿಕ್ ಆಸಿಡ್ ಪುಡಿ ಕೇಳಿ. ಕಿಲೋ ಸಾವಿರದ ಆಸುಪಾಸು. ಅರ್ಧ ಕಿಲೋ ತಂದರೆ ವರ್ಷ ಬರುತ್ತೆ. ಬಿಳಿ ಪುಡಿ ಹಳದಿಗೆ ತಿರುಗಿದರೆ ಎಸೆಯಿರಿ.

ನೆಲ್ಲಿಕಾಯಿಯಲ್ಲಿ ಮಾಡಿದ ಕತೆ ಮಾತ್ರ ಹೇಳಲೇಬೇಕು. ಕಾರ್ತಿಕದಲ್ಲಿ ಮಾರ್ಕೆಟ್ ತುಂಬ ಬೆಟ್ಟದ ನೆಲ್ಲಿಕಾಯಿ. ವಿಟಮಿನ್ ಸಿ ಅದರಲ್ಲಿ ಇರುವಷ್ಟು ನಮ್ಮ ಮಾರ್ಕೆಟ್‌ನ ಇನ್ನು ಯಾವ ಹಣ್ಣಿನಲ್ಲಿ ಇದೆ? ಒಂದು ರೋಲಿಗೆ 5 ಗ್ರಾಂ ಬೇಕು ಅಂದರೆ ಕಿಲೋ ನೆಲ್ಲಿಕಾಯಿ ಬೇಕು. ಬೀಜ ತೆಗೆದು ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ಎರಡು ಸಲ ಸೋಸಿದೆ. ಸೋಡಾ ಬಿದ್ದ ತಕ್ಷಣ ರಸ ಕಡುಗಂದು ಬಣ್ಣಕ್ಕೆ ತಿರುಗಿತು. ಫಿಲ್ಮಿನ ಮೂತಿ ಒಂದೂವರೆ ನಿಮಿಷಕ್ಕೇ ಕಪ್ಪು! ನೆಲ್ಲಿಕಾಯಿಯ ಒಗರೂ ಅಲ್ಲಿ ಕೆಲಸ ಮಾಡುತ್ತೆ. ಒಗರಿನಲ್ಲಿರುವ ಗ್ಯಾಲಿಕ್ ಆಮ್ಲವನ್ನು 1841ರಲ್ಲೇ ಫೋಟೋಗ್ರಫಿ ಶುರು ಮಾಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ ತನ್ನ ಕಾಗದದ ನೆಗೆಟಿವ್‌ಗೆ ಬಳಸಿದ್ದ. ಟ್ಯಾಂಕಿನಲ್ಲಿ ತೊಳೆದ ರೋಲಿನಲ್ಲಿ ಚಿತ್ರ ಇತ್ತು, ಜೊತೆಗೆ ಇಡೀ ಫಿಲ್ಮಿಗೆ ಕಂದು ಮಬ್ಬು. ಪ್ರಿಂಟಿಗೆ ಬರಲ್ಲ. ಆದರೆ ಕಾಫಿಗೆ ಸ್ವಲ್ಪವೇ ನೆಲ್ಲಿರಸ ಸೇರಿಸಿದರೆ ಏನಾಗುತ್ತೆ ಅನ್ನೋದು ಬೇರೆ ವಿಷಯ. ಅದನ್ನು ಇನ್ನೂ ಮಾಡುತ್ತಿದ್ದೇನೆ, ಅಳತೆ ಕೇಳಬೇಡಿ.

ನೀರಿನ ವಿಷಯ ಸುಲಭ, ಆದರೆ ಯಾರೂ ಹೇಳಲ್ಲ. ನಮ್ಮ ಏರಿಯಾದಲ್ಲಿ ಕಾವೇರಿ ನೀರು ವಾರಕ್ಕೆ ಎರಡು ದಿನ, ಮಿಕ್ಕಿದ ದಿನ ಬೋರ್‌ವೆಲ್. ಗಡಸು ನೀರಿಗೆ ಸೋಡಾ ಹಾಕಿದರೆ ಹಾಲು ಒಡೆದ ಹಾಗೆ ಬೆಳ್ಳಗಾಗುತ್ತೆ. ನೀರಿನ ಸುಣ್ಣವೆಲ್ಲ ಹೊರಗೆ ಬಂದು ಫಿಲ್ಮಿನ ಮೇಲೆ ಪುಡಿಪುಡಿಯಾಗಿ ಕೂರುತ್ತೆ. ಒಣಗಿದ ಮೇಲೆ ಆಕಾಶದ ತುಂಬ ಚುಕ್ಕಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಐದು ಲೀಟರ್ ಕ್ಯಾನ್ ನೂರರ ಒಳಗೆ. ಡೆವಲಪರ್‌ಗೆ ಅದು, ಕೊನೆಯ ತೊಳೆತಕ್ಕೂ ಅದೇ. ನಡುವಿನ ತೊಳೆತಕ್ಕೆ ನಲ್ಲಿ ನೀರು ಸಾಕು.

ಆಮೇಲೆ ಸೆಕೆ. 20 ಡಿಗ್ರಿ ನೀರು ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಸಿಗುತ್ತೆ. ಏಪ್ರಿಲ್‌ನಲ್ಲಿ ಮೇಲಿನ ಟ್ಯಾಂಕಿನ ನೀರು 28ರ ಮೇಲೆ. ಆ ಬಿಸಿಯಲ್ಲಿ ಕಾಫಿ ಅವಸರ ಮಾಡುತ್ತೆ, ನೆರಳಿನಲ್ಲೂ ಮಬ್ಬು ಹಾಕುತ್ತೆ. 20ಕ್ಕೆ ಇಳಿಸೋಕ್ಕೆ ಐಸ್ ಹಾಕಿ ಒದ್ದಾಡಿದರೆ ಹದಿನೈದು ನಿಮಿಷದಲ್ಲಿ ಟ್ಯಾಂಕ್ ಮತ್ತೆ ಬಿಸಿ ಏರುತ್ತೆ. ಶುರುವಿಗೂ ಕೊನೆಗೂ ಮೂರು ಡಿಗ್ರಿ ವ್ಯತ್ಯಾಸ ಬಂದರೆ ಯಾವ ಟೈಮ್ ಚಾರ್ಟ್ ಕೆಲಸಕ್ಕೆ ಬರುತ್ತೆ? ನಾನು 24 ಡಿಗ್ರಿಗೆ ನಿಂತೆ. ಬಕೆಟ್‌ನಲ್ಲಿ ನೀರು, ಅದರಲ್ಲಿ ಫ್ರೀಜರ್‌ನಿಂದ ತೆಗೆದ ಒಂದು ಪ್ಲಾಸ್ಟಿಕ್ ಬಾಟಲಿ. ಟ್ಯಾಂಕು, ಫಿಕ್ಸರು, ತೊಳೆಯುವ ನೀರು ಎಲ್ಲ ಅದೇ ಬಕೆಟ್‌ನಲ್ಲಿ. 24ರಲ್ಲಿ ಕೆಂಟ್‌ಮೀರ್‌ಗೆ 10-11 ನಿಮಿಷ. ಎಚ್‌ಪಿ5ಗೆ ಸ್ವಲ್ಪ ಜಾಸ್ತಿ. ಮೊದಲ ಅರ್ಧ ನಿಮಿಷ ಬಿಡದೆ ತಿರುಗಿಸಬೇಕು, ಆಮೇಲೆ ನಿಮಿಷಕ್ಕೆ ಮೂರು ಸಲ. ತಿರುಗಿಸುವ ರೀತಿಯಲ್ಲಿ ನನ್ನದೇ ಒಂದು ಪದ್ಧತಿ ಇದೆ, ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಮ್ಮಿ ಬರೋದು ಅದರಿಂದ ಅಂತ ನನ್ನ ನಂಬಿಕೆ. ಅದು ಸದ್ಯಕ್ಕೆ ನನ್ನ ಹತ್ತಿರ ಇರಲಿ.

ಕಲಸುವ ಕ್ರಮ ತಪ್ಪಬಾರದು. ಸೋಡಾ ಮೊದಲು, ಪೂರ್ತಿ ಕರಗಿ ತಿಳಿಯಾಗಬೇಕು. ಆಮೇಲೆ ವಿಟಮಿನ್ ಸಿ, ಬುಸ್ಸಂತ ನೊರೆ ಬರುತ್ತೆ. ಕೊನೆಗೆ ಕಾಫಿ. ಕಲಸಿ ಐದಾರು ನಿಮಿಷ ಬಿಡಿ, ನೊರೆ ಇಳಿಯಲಿ. ಅರ್ಧ ಗಂಟೆಯೊಳಗೆ ಬಳಸಿ. ವಾಸನೆ ಕೆಟ್ಟದ್ದೇ, ಎಗ್ಸಾಸ್ಟ್ ಫ್ಯಾನ್ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ನಾನು ರೋಲ್ ತೊಳೆಯೋದು ಹೆಂಡತಿ ಮಗಳು ದೇವಸ್ಥಾನಕ್ಕೆ ಹೋಗುವ ಶನಿವಾರ ಸಂಜೆ ಅಂತ ಒಪ್ಪಂದ ಆಗಿದೆ.

ಈ ನೊರೆಯಿಂದ ಇನ್ನೊಂದು ತೊಂದರೆ. ಫಿಲ್ಮಿನ ಮೇಲಂಚಿನಲ್ಲಿ ಅಲೆಅಲೆಯಾಗಿ ಬಿಳಿಚಿದ ಕಲೆ. ಬೆಳಕು ಸೋರಿಕೆ ಅಂತ ಮೊದಲು ಅನ್ನಿಸಿತು, ಕ್ಯಾಮೆರಾದ ಹಿಂಬದಿಯ ಸ್ಪಂಜ್ ಬದಲಾಯಿಸಿ ಐನೂರು ರೂಪಾಯಿ ಹೋಯಿತು. ಕಲೆ ಹೋಗಲಿಲ್ಲ. ಕಾರಣ ನೊರೆ ಮೇಲೆ ಕೂತು ಆ ಅಂಚಿಗೆ ಕಾಫಿ ತಲುಪದೇ ಇದ್ದಿದ್ದು. ಈಗ ಎರಡು ರೀಲಿನ ಟ್ಯಾಂಕ್ ಬಳಸುತ್ತೇನೆ. ಕೆಳಗೆ ಫಿಲ್ಮ್ ಇರುವ ರೀಲು, ಮೇಲೆ ಖಾಲಿ ರೀಲು. ಕಾಫಿ ನಾನೂರೈವತ್ತು ಎಂ.ಎಲ್. ಹೊಯ್ಯುತ್ತೇನೆ. ನೊರೆ ಮೇಲಿನ ಖಾಲಿ ರೀಲಿನಲ್ಲೇ ಉಳಿಯುತ್ತೆ. ಇಪ್ಪತ್ತೈದು ರೂಪಾಯಿ ಆಸುಪಾಸು ಖರ್ಚು ಜಾಸ್ತಿ, ಕಲೆ ಪೂರ್ತಿ ನಿಂತಿತು. ಕೈ ಬಿಗಿ ಇರುವವರು ಬೇಡ ಅನ್ನಬಹುದು, ನಾನು ಈಗ ಎಲ್ಲದಕ್ಕೂ ಹೀಗೇ ಮಾಡೋದು.

ತಿಪಟೂರಿನಲ್ಲಿ ನಮ್ಮೂರಿನ ಹಳೆ ಸ್ಟುಡಿಯೋ ಯಜಮಾನರಿಗೆ ಇದನ್ನೆಲ್ಲ ಹೇಳಿದ್ದೆ. ನನ್ನ ಅಪ್ಪ-ಅಮ್ಮನ ಮದುವೆ ಫೋಟೋ ತೆಗೆದವರು ಅವರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ರ್ಯಾಂಡಿನ ಫಿಲ್ಮನ್ನು ಡಬ್ಬಿಗಟ್ಟಲೆ ತೊಳೆದ ಕೈ. 'ಮೆಟೋಲ್, ಹೈಡ್ರೋಕ್ವಿನೋನ್ ಇಲ್ಲದೆ ಕಪ್ಪು ನಿಲ್ಲಲ್ಲ ಕಣಪ್ಪಾ. ಇವತ್ತು ಬಂದ ಚಿತ್ರ ನಾಳೆ ಹೋಗುತ್ತೆ' ಅಂದಿದ್ದರು. ಅವೆರಡೂ ಮಾಮೂಲಿ ಡೆವಲಪರ್‌ನ ಕೆಮಿಕಲ್‌ಗಳು. ಒಂದು ವರ್ಷ ಆದ ಮೇಲೆ ಅದೇ ನೆಗೆಟಿವ್ ತೆಗೆದುಕೊಂಡು ಹೋದೆ. ಭೂತಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. 'ಹೈಪೋದಲ್ಲಿ ಎಷ್ಟು ಹೊತ್ತು ಬಿಟ್ಟಿದ್ದೆ?' ಅಂತ ಕೇಳಿದರು. ಫಿಕ್ಸರ್‌ಗೆ ಅವರು ಹೈಪೋ ಅನ್ನೋದು. ಹೇಳಿದೆ. 'ನೀರಲ್ಲಿ?' ಅದನ್ನೂ ಹೇಳಿದೆ. 'ಹಾಗಾದ್ರೆ ಏನೂ ಆಗಲ್ಲ ಬಿಡು' ಅಂದರು. ನನಗೆ ಅದು ಸಾಕಾಗಿತ್ತು. ಅವರು ಹೇಳಿದ್ದರಲ್ಲಿ ಒಂದು ನಾನು ಪಾಲಿಸುತ್ತೇನೆ. ಫಿಕ್ಸರ್‌ಗೆ ಮೊದಲು ಕಾಫಿ ಬಣ್ಣ ಪೂರ್ತಿ ಹೋಗುವವರೆಗೆ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಫಿಕ್ಸರ್ ಬೇಗ ಸಾಯುತ್ತೆ.

ಕಡಲೆಕಾಯಿ ಪರಿಷೆ ಬಂದಾಗ ನಿಜವಾದ ಪರೀಕ್ಷೆ. ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿ, ಸಂಜೆ ಏಳರ ಮೇಲೆ. ರಾಶಿ ಹಿಂದೆ ಕೂತ ಅಜ್ಜಿಯ ಮುಖಕ್ಕೆ ಒಂದು ಬಲ್ಬು, ಅಷ್ಟೇ ಬೆಳಕು. 400 ವೇಗದ (ಬೆಳಕು ಹಿಡಿಯುವ ಶಕ್ತಿಯ) ಫಿಲ್ಮನ್ನು 1600 ಅಂತ ಇಟ್ಟು ತೆಗೆಯಬೇಕು, ಆಮೇಲೆ ಜಾಸ್ತಿ ಹೊತ್ತು ತೊಳೆಯಬೇಕು. ಜಾಸ್ತಿ ಹೊತ್ತು ತೊಳೆದರೆ ಕಾಫಿ ಮಬ್ಬು ಹಾಕುತ್ತೆ. ಅದನ್ನು ತಡೆಯೋಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಲೀಟರಿಗೆ ಒಂದು ಗ್ರಾಂ ಹಾಕುತ್ತಾರೆ. ನನ್ನ ಹತ್ತಿರ ಇರಲಿಲ್ಲ. ಅಡುಗೆಮನೆಯ ಅಯೋಡಿನ್ ಪುಡಿ ಉಪ್ಪು ಲೀಟರಿಗೆ ಹತ್ತು ಗ್ರಾಂ ಲೆಕ್ಕದಲ್ಲಿ ಹಾಕಿದೆ. ಅಯೋಡಿನ್ ಇಲ್ಲದ ಕಲ್ಲುಪ್ಪು ಆಗಲ್ಲ. ಹದಿನಾರು ನಿಮಿಷ, 24 ಡಿಗ್ರಿ. ಅಜ್ಜಿಯ ಮೂಗುತಿಯ ಹೊಳಪು, ಕೈಯಲ್ಲಿ ಸೇರು, ಕಡಲೆಕಾಯಿಯ ಒಂದೊಂದು ಗೆರೆ ಎಣಿಸಬಹುದು. ಬಳಗದಲ್ಲಿ ಡಿಜಿಟಲ್‌ನಲ್ಲಿ ಅದೇ ಸಂಜೆ ತೆಗೆದವರು ಅದನ್ನು ನೋಡಿ ಸುಮ್ನೆ ಆದರು. ನನ್ನ ಚಿತ್ರ ಅವರದಕ್ಕಿಂತ ಚೆನ್ನಾಗಿತ್ತು, ನಾನೇ ಹೇಳುತ್ತೇನೆ.

ಅಲ್ಲಾಡಿಸದೆ ಒಂದು ಗಂಟೆಗೂ ಜಾಸ್ತಿ ಬಿಡುವ ಪದ್ಧತಿಯೂ ಇದೆ. ಸೋಡಾ, ವಿಟಮಿನ್ ಸಿ ಎರಡೂ ಕಮ್ಮಿ ಹಾಕಿ ಎಪ್ಪತ್ತು ನಿಮಿಷ ಬಿಡೋದು. ನಮ್ಮ ಬೇಸಿಗೆಗೆ ಅದು ಹೊಂದಲ್ಲ. ಡಿಸೆಂಬರ್-ಜನವರಿಯಲ್ಲಿ ಮಾಡಿ ನೋಡಿ. ಹಂಪಿಯ ಮಾತಂಗ ಬೆಟ್ಟದಿಂದ ತೆಗೆದ ಬೆಳಗಿನ ರೋಲನ್ನು ನಾನು ಹಾಗೆ ತೊಳೆದೆ. ಬಂಡೆಯ ಬಿಸಿಲು, ನೆರಳು ಎರಡೂ ಉಳಿದವು.

ಈಗ ಆಯುಧಪೂಜೆ. ನಮ್ಮ ಕಾರ್ಖಾನೆಯಲ್ಲಿ ಆ ದಿನ ಬೆಳಗ್ಗೆ ಎಂಟಕ್ಕೇ ಮಶೀನುಗಳಿಗೆ ಎಣ್ಣೆ ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಲೇತ್ ಮೇಲೆ ವಿಭೂತಿ, ಚಕ್ ಮೇಲೆ ಕುಂಕುಮ. ಇಪ್ಪತ್ತೈದು ವರ್ಷ ಒಂದೇ ಲೇತ್ ಮುಂದೆ ನಿಂತ ಟರ್ನರ್ ಒಬ್ಬರು ಅವತ್ತು ಬಿಳಿ ಪಂಚೆ ಉಟ್ಟು ಬಂದಿದ್ದರು. ಮಶೀನಿಗೆ ಹೂ ಏರಿಸುವಾಗ ಅವರ ಬೆರಳಿನ ಸಂದಿಯ ಎಣ್ಣೆಕಲೆ ಹಾಗೇ ಇತ್ತು, ಎಷ್ಟು ತೊಳೆದರೂ ಹೋಗದ್ದು. ಒಳಗೆ ಬೆಳಕು ಕಮ್ಮಿ. ಎಫ್/2, ಮೂವತ್ತನೇ ಒಂದು ಸೆಕೆಂಡ್, ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ತೆಗೆದೆ. ಗೇಟಿನ ಹತ್ತಿರ ಬೂದುಗುಂಬಳ ಒಡೆಯೋದು, ಪುರಿ-ಕಡ್ಲೆ ಹಂಚೋದು ಬಿಸಿಲಿನಲ್ಲಿ. ಅಲ್ಲಿ ಆರೆಂಜ್ ಫಿಲ್ಟರ್ ಹಾಕಿದೆ. ಚೆಂಡುಹೂ ಬೆಳ್ಳಗೆ ಹೊಳೆಯಿತು, ಹಿಂದಿನ ಆಕಾಶ ಕಪ್ಪಾಯಿತು.

ಆ ಎರಡು ರೋಲ್ ತೊಳೆಯುವ ಶನಿವಾರ ಸ್ಟೋರ್ಸ್‌ನ ಹುಡುಗನನ್ನು ಮನೆಗೆ ಕರೆದಿದ್ದೆ. ಅವನೇ ಸ್ಟೋರಿನ ಸಣ್ಣ ತಕ್ಕಡಿಯಲ್ಲಿ ನನ್ನ ಪುಡಿಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದವನು. ಕ್ವಾಲಿಟಿ ಲ್ಯಾಬಿನ ಗೆಳತಿ ಪಿ.ಎಚ್. ಕಾಗದ ಕೊಟ್ಟಿದ್ದಳು. ಮಿಶ್ರಣ 10ರ ಆಸುಪಾಸು ತೋರಿಸಿದರೆ ಸರಿ. ಅದಕ್ಕಿಂತ ಕಮ್ಮಿ ಬಂದರೆ ಸೋಡಾ ಒದ್ದೆಯಾಗಿದೆ ಅಂತ ಅರ್ಥ. ಟ್ಯಾಂಕ್ ತೆರೆದು ರೀಲಿನಿಂದ ಫಿಲ್ಮ್ ಬಿಡಿಸಿ ಬಾತ್‌ರೂಮ್ ಬಲ್ಬಿಗೆ ಹಿಡಿದೆ. ಅವನು ಮೊದಲು ಗುರುತಿಸಿದ್ದು ತನ್ನನ್ನೇ. ಕುಂಬಳಕಾಯಿ ಎತ್ತಿ ಹಿಡಿದವನು ಅವನೇ. 'ಸಾರ್, ಇದು ನಾನು!' ಅಂತ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು.

ಪ್ರಿಂಟಿನ ಖರ್ಚು ಕಂಪನಿ ಕೊಟ್ಟಿತು. ಕ್ಯಾಂಟೀನಿನಲ್ಲಿ ಹಾಕಿದ ದಿನ ಟರ್ನರ್ ತಮ್ಮ ಚಿತ್ರದ ಮುಂದೆ ನಿಂತು, 'ಕೈ ಚೆನ್ನಾಗಿ ಬಂದಿದೆ' ಅಂದರು. ಒಂದು ಪ್ರತಿ ಬೇಕು ಅಂದರು, ಫ್ರೇಮ್ ಹಾಕಿಸಿ ಕೊಟ್ಟೆ. ಈಗ ಮದುವೆ, ನಾಮಕರಣ ಅಂತ ಸಹೋದ್ಯೋಗಿಗಳು ಕರೆಯುತ್ತಾರೆ. ರೋಲ್ ಅವರು ತಂದುಕೊಡಬೇಕು, ತೊಳೆಯೋದು ನನ್ನ ಲೆಕ್ಕ.

ಲೆಕ್ಕ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡು ರೀಲಿನ ಟ್ಯಾಂಕ್ ನಾಲ್ಕು ಸಾವಿರ, ಚೇಂಜಿಂಗ್ ಬ್ಯಾಗ್ ಒಂದೂವರೆ ಸಾವಿರ, ಥರ್ಮಾಮೀಟರ್ ಇನ್ನೂರು. ಸ್ಕ್ಯಾನ್‌ಗೆ ನನ್ನ ಹಳೆ ಡಿಜಿಟಲ್ ಕ್ಯಾಮೆರಾ, ಮಕ್ಕಳು ಚಿತ್ರ ತಿದ್ದುವ ಎಲ್‌ಇಡಿ ಪ್ಯಾಡ್. ಕೆಟ್ಟ ರೋಲ್‌ಗಳಿಗೆ ಹೋದದ್ದು ಹೆಚ್ಚುಕಮ್ಮಿ ಎಂಟು ಸಾವಿರ. ನಾನೂರೈವತ್ತು ಎಂ.ಎಲ್. ಲೆಕ್ಕದಲ್ಲಿ ಒಂದು ರೋಲಿಗೆ ಈಗ ಕಾಫಿ ಎಪ್ಪತ್ತು, ವಿಟಮಿನ್ ಸಿ ಏಳೆಂಟು, ಸೋಡಾ ಐದು, ನೀರು ಮತ್ತು ಫಿಕ್ಸರ್ ಸೇರಿ ಮೂವತ್ತು. ನೂರಹತ್ತು-ನೂರಿಪ್ಪತ್ತು ರೂಪಾಯಿ. ಲ್ಯಾಬಿಗೆ ಕೊಡುತ್ತಿದ್ದ ನಾಲ್ಕೈದು ನೂರಿನ ಎದುರಿಗೆ ಹಾಕಿದ ದುಡ್ಡೆಲ್ಲ ಹೋದ ವರ್ಷವೇ ವಾಪಸ್ ಬಂತು.

ಶುರು ಮಾಡುವವರಿಗೆ ಇಷ್ಟು. ಫೋಮಾಪ್ಯಾನ್ 100 ಅಥವಾ ಕೆಂಟ್‌ಮೀರ್ ಫಿಲ್ಮಿನಲ್ಲಿ ಮೊದಲು ಮಾಡಿ. ಮೊದಲ ರೋಲಿಗೆ ಮನೆ ಬೀದಿ ತೆಗೆಯಿರಿ, ಪ್ರವಾಸದ್ದು ಹಾಕಬೇಡಿ. ಪ್ರತಿ ಸಲವೂ ಮೂತಿ ಕತ್ತರಿಸಿ ಲೋಟದಲ್ಲಿ ಅದ್ದಿ ನೋಡಿ. ಮೂರು ನಿಮಿಷಕ್ಕೆ ಕಪ್ಪಾಗದಿದ್ದರೆ ಟ್ಯಾಂಕಿಗೆ ಹೊಯ್ಯಬೇಡಿ, ಸೋಡಾ ಮತ್ತೆ ಹುರಿಯಿರಿ. ಜನವರಿಯಲ್ಲಿ ಸಕಲೇಶಪುರದ ತೋಟದಲ್ಲಿ ಹಣ್ಣು ಕೀಳುವಾಗ ಮತ್ತೆ ಹೋಗುತ್ತಿದ್ದೇನೆ. ಈ ಸಲ ಹುರಿಯದ ಹಸಿ ಬೀಜದ ಕಷಾಯದಲ್ಲಿ ತೊಳೆಯೋದು ಅಂತ ಗೆಳೆಯನ ಜೊತೆ ಮಾತಾಗಿದೆ. ಹತ್ತು ಕಿಲೋ ಬೀಜ ಅವನು ತೆಗೆದಿಟ್ಟಿದ್ದಾನೆ, ರೋಲು ನಾನು ತರಬೇಕು.